ಕಣ್ಣೊಳಗಿನ ಮಸೂರಕ್ಕೆ ದರಪಟ್ಟಿಯೇ ಅಳತೆಗೋಲೆ?

ಕಳೆದ ವರ್ಷ ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪಾಪೆಯನ್ನು ಹಿಗ್ಗಿಸುವ ಹನಿಗಳನ್ನು ಮೂರು ಬಾರಿ ಹಾಕಿ, ಮುಕ್ಕಾಲು ಗಂಟೆ ಕಣ್ಣುಮುಚ್ಚಿ ಕೂರಿಸಿ, ಆಮೇಲೆ ಪರೀಕ್ಷಿಸಿದ ವೈದ್ಯರು ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದರು. ಮುಂದಿನದೆಲ್ಲ ‘ಕೌನ್ಸೆಲಿಂಗ್’ ಕೊಠಡಿಯಲ್ಲಿ ಎಂದು ಸಹಾಯಕಿಯೊಬ್ಬರು ನನ್ನನ್ನು ಕೈಹಿಡಿದು ಕರೆದೊಯ್ದರು. ಅಲ್ಲಿದ್ದ ಯುವತಿ ಬಹಳ ಸೌಜನ್ಯದಿಂದ ಹೊಳಪು ಕಾಗದದ ಪಟ್ಟಿಯೊಂದನ್ನು ನನ್ನ ಮುಂದಿಟ್ಟು, ‘ಓದಿ ನೋಡಿ ಮೇಡಂ, ಯಾವ ಲೆನ್ಸ್ ಬೇಕೋ ಹೇಳಿ, ಡೇಟ್ ಕೊಡುತ್ತೇನೆ’ ಎಂದರು.

ಓದುವುದಾದರೂ ಹೇಗೆ? ಪೊರೆ ಬಂದ ಕಣ್ಣು. ಸಾಲದ್ದಕ್ಕೆ ಹಿಗ್ಗಿದ ಪಾಪೆ. ಟ್ಯೂಬ್‌ಲೈಟಿನ ಬೆಳಕು ಆ ಹೊಳಪು ಕಾಗದದ ಮೇಲೆ ಬಿದ್ದು ಕಣ್ಣಿಗೇ ರಾಚುತ್ತಿತ್ತು. ನನಗೆ ಕಂಡದ್ದು ಮೂರು ಬಣ್ಣದ ಮೂರು ಪಟ್ಟೆಗಳು ಮಾತ್ರ. ಕೊನೆಗೆ ಆಕೆಯೇ ಓದಿ ಹೇಳಿದರು: ಮೊದಲನೆಯದು ‘ಬೇಸಿಕ್’, ಎರಡನೆಯದು ‘ಪ್ರೀಮಿಯಂ’, ಮೂರನೆಯದು ಅದಕ್ಕೂ ಮೇಲಿನದು. ಒಂದೊಂದರ ಮುಂದೆ ಒಂದೊಂದು ಮೊತ್ತ. ಮೊದಲನೆಯದಕ್ಕೂ ಮೂರನೆಯದಕ್ಕೂ ನಾಲ್ಕು ಪಟ್ಟು ವ್ಯತ್ಯಾಸ. ‘ಕಣ್ಣಿನ ವಿಷಯ ಅಲ್ಲವೇ ಮೇಡಂ, ಸಾಮಾನ್ಯವಾಗಿ ಎಲ್ಲರೂ ಒಳ್ಳೆಯದನ್ನೇ ಹಾಕಿಸಿಕೊಳ್ಳುತ್ತಾರೆ’ ಎಂಬ ಮಾತೂ ಸೇರಿತು.

ನಾನು ಆ ಕಟ್ಟಡದಲ್ಲಿದ್ದ ಮೂರು ಗಂಟೆಗಳಲ್ಲಿ ವಿಮೆ ಇದೆಯೇ ಎಂದು ಇಬ್ಬರು ಕೇಳಿದರು. ಮಕ್ಕಳು ಎಲ್ಲಿದ್ದಾರೆ ಎಂದು ಒಬ್ಬರು ಕೇಳಿದರು. ಆದರೆ ದಿನವಿಡೀ ಈ ಕಣ್ಣುಗಳಿಂದ ನೀವು ಮಾಡುವ ಕೆಲಸವೇನು ಎಂದು ಯಾರೂ ಕೇಳಲಿಲ್ಲ. ಮಸೂರದ ಆಯ್ಕೆ ಆರಂಭವಾಗಬೇಕಾದದ್ದೇ ಆ ಪ್ರಶ್ನೆಯಿಂದ. ಅದನ್ನು ಬಿಟ್ಟು ದರದಿಂದ ಆರಂಭಿಸುವುದು ನಮ್ಮ ಅನೇಕ ಆಸ್ಪತ್ರೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಈ ಲೇಖನದ ತಕರಾರು ಬೆಲೆಯ ಬಗ್ಗೆ ಇರುವುದಕ್ಕಿಂತ ಹೆಚ್ಚಾಗಿ ಈ ತಲೆಕೆಳಗಾದ ಕ್ರಮದ ಬಗ್ಗೆ.

ಕಣ್ಣಿನ ಪೊರೆ ಎಂದರೆ ಮೇಲೆ ಬೆಳೆದ ಚರ್ಮವಲ್ಲ. ಕಣ್ಣೊಳಗಿನ ಸಹಜ ಮಸೂರವೇ ವಯಸ್ಸಾದಂತೆ ಮಬ್ಬಾಗುವುದು. ಹರೆಯದಲ್ಲಿ ಆ ಮಸೂರ ಮೃದುವಾಗಿದ್ದು, ದೂರದ ಬೆಟ್ಟವನ್ನೂ ಕೈಯಲ್ಲಿನ ಸೂಜಿಯನ್ನೂ ತಾನೇ ಹೊಂದಿಸಿಕೊಂಡು ತೋರಿಸುತ್ತದೆ. ನಲವತ್ತು ದಾಟಿದಂತೆ ಅದರ ಬಾಗುವ ಗುಣ ಕುಂದುತ್ತದೆ. ನಾವದನ್ನು ಚಾಳೀಸು ಬಂತು ಎನ್ನುತ್ತೇವೆ. ಅರವತ್ತರ ಹೊತ್ತಿಗೆ ಆ ಶಕ್ತಿ ಬಹುಪಾಲು ಮುಗಿದೇಹೋಗಿರುತ್ತದೆ. ಹೀಗಾಗಿ, ಒಂದೇ ದೂರಕ್ಕೆ ಸ್ಪಷ್ಟವಾಗಿ ಕಾಣಿಸುವ ಸಾಮಾನ್ಯ ಕೃತಕ ಮಸೂರವನ್ನು ಅರವತ್ತೈದರ ಕಣ್ಣಿಗೆ ಇಟ್ಟರೆ ಆ ವ್ಯಕ್ತಿ ಇದ್ದ ಶಕ್ತಿಯನ್ನೇನೂ ಕಳೆದುಕೊಳ್ಳುವುದಿಲ್ಲ. ‘ಬೇಸಿಕ್’ ಎಂಬ ಹಣೆಪಟ್ಟಿ ಹೊತ್ತ ಈ ಮಸೂರವನ್ನು ಬಡವರ ಮಸೂರವೆಂದು ತಿಳಿದು ಸಂಕೋಚಪಡುವವರು ಈ ಮಾತನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು.

ಆ ‘ಬೇಸಿಕ್’ ಮಸೂರವೂ ಸುಲಭವಾಗಿ ಬಂದದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿಗೆ ಕಾಕ್‌ಪಿಟ್‌ನ ಅಕ್ರಿಲಿಕ್ ಚೂರುಗಳು ಸಿಡಿದು ನಾಟಿಕೊಂಡರೂ ಕಣ್ಣು ಅವುಗಳ ವಿರುದ್ಧ ಕೆರಳದಿರುವುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ವಸ್ತುವಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಕಣ್ಣೊಳಗೆ ಇಟ್ಟರು. ಕಣ್ಣೊಳಗೆ ಅನ್ಯ ವಸ್ತುವನ್ನು ಇಡುವುದೇ ಎಂದು ಅಂದಿನ ನೇತ್ರವೈದ್ಯ ಸಮುದಾಯದ ಹಿರಿಯರು ವರ್ಷಗಟ್ಟಲೆ ವಿರೋಧಿಸಿದರು. ರಿಡ್ಲಿ ಅವರಿಗೆ ನೈಟ್‌ಹುಡ್ ಸಂದದ್ದು 2000ದಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ. ಈ ಕಥೆಯಲ್ಲಿ ನಾವು ನೆನಪಿಡಬೇಕಾದ ಇನ್ನೊಂದು ಅಂಶವಿದೆ. ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ಅವರ ಮೊದಲ ರೋಗಿಗೆ ತೀವ್ರವಾದ ಸಮೀಪದೃಷ್ಟಿ ಉಂಟಾಯಿತು. ಮಸೂರ ಸರಿಯಿತ್ತು, ಅದರ ಪವರಿನ ಲೆಕ್ಕ ತಪ್ಪಿತ್ತು. ಆ ಪಾಠ ಇಂದಿಗೂ ಹಳತಾಗಿಲ್ಲ.

ನಮ್ಮಲ್ಲಿ ಈ ಮಸೂರ ಜನಸಾಮಾನ್ಯರನ್ನು ತಲುಪಲು ನಾಲ್ಕು ದಶಕಗಳೇ ಬೇಕಾದವು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಆಸ್ಪತ್ರೆಯ ಹೆಸರಿನಲ್ಲಿದೆ. ಆ ದಿನಗಳ ಶಿಬಿರಗಳಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಬದಲಿ ಮಸೂರ ಇಡುತ್ತಿರಲಿಲ್ಲ. ಅದರ ಬದಲಿಗೆ ಸುಮಾರು ಪ್ಲಸ್ 10 ಪವರಿನ ದಪ್ಪ ಕನ್ನಡಕ. ನನ್ನ ಸೋದರತ್ತೆ ಅಂಥ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡೇ ಹದಿನೈದು ವರ್ಷ ಬದುಕಿದರು. ಆ ಗಾಜು ಎಲ್ಲವನ್ನೂ ಕಾಲು ಭಾಗದಷ್ಟು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ತೋರಿಸುತ್ತಿತ್ತು. ಅತ್ತೆ ಕಾಫಿ ಬಗ್ಗಿಸಿದರೆ ಲೋಟದ ಈಚೆಗೇ ಚೆಲ್ಲುತ್ತಿತ್ತು. ಪಕ್ಕದಿಂದ ಬಂದ ಮಕ್ಕಳು ಕಾಣದೆ ಬೆಚ್ಚಿಬೀಳುತ್ತಿದ್ದರು. ಆದರೂ ಕತ್ತಲೆಗಿಂತ ಇದು ಮೇಲು ಎಂದು ಆ ತಲೆಮಾರು ಕೈಮುಗಿಯಿತು.

1990ರ ದಶಕದ ಆರಂಭದಲ್ಲಿ ವಿದೇಶಿ ಮಸೂರವೊಂದಕ್ಕೆ 100 ಡಾಲರ್ ಆಸುಪಾಸಿನ ಬೆಲೆಯಿತ್ತು. ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಎಂಬ ತನ್ನದೇ ತಯಾರಿಕಾ ಘಟಕ ತೆರೆದು ಅದನ್ನು 10 ಡಾಲರ್‌ಗೆ, ಮುಂದೆ ಅದಕ್ಕಿಂತಲೂ ಕೆಳಗೆ ಇಳಿಸಿತು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ, ಧರ್ಮಾರ್ಥ ಶಿಬಿರದಲ್ಲಿ ಹಳ್ಳಿಯ ಅಜ್ಜಿಯೊಬ್ಬರು ಹಣ ಕೊಡದೆ ಮಸೂರ ಹಾಕಿಸಿಕೊಂಡು ಮೊಮ್ಮಗನ ಮುಖ ನೋಡುವುದು ಸಾಧ್ಯವಾಗಿದ್ದರೆ ಅದರ ಹಿಂದೆ ಇಂಥ ಪ್ರಯತ್ನಗಳಿವೆ.

ಹಾಗಾದರೆ ದುಬಾರಿ ಮಸೂರಗಳು ಮೋಸವೇ? ಖಂಡಿತ ಅಲ್ಲ. ಮಡಚಬಹುದಾದ ಅಕ್ರಿಲಿಕ್ ಮಸೂರವನ್ನು ಎರಡರಿಂದ ಮೂರು ಮಿಲಿಮೀಟರ್ ಸೀಳಿನಲ್ಲಿ ಒಳಗಿಡಬಹುದು. ಗಡಸು ಮಸೂರಕ್ಕೆ ಅದರ ಎರಡು ಪಟ್ಟು ಸೀಳು ಬೇಕು. ನೀರು ಹೀರದ ಅಕ್ರಿಲಿಕ್‌ನಿಂದ ಮಾಡಿದ, ಚೂಪಾದ ಅಂಚಿನ ಮಸೂರಗಳಲ್ಲಿ ಹಿಂಬದಿಯ ತೆಳುಚೀಲ ಮುಂದೆ ಮಬ್ಬಾಗುವ ಸಂಭವ ಕಡಿಮೆ. (‘ಪೊರೆ ಮತ್ತೆ ಬಂತು’ ಎಂದು ಜನ ಹೇಳುವುದು ಇದನ್ನೇ, ಕೆಲವೇ ನಿಮಿಷಗಳ ಯಾಗ್ ಲೇಸರ್‌ನಿಂದ ಇದನ್ನು ಸರಿಪಡಿಸುತ್ತಾರೆ.) ಕಾರ್ನಿಯಾದ ವಕ್ರತೆ ಎಲ್ಲ ದಿಕ್ಕಿಗೂ ಸಮನಾಗಿಲ್ಲದವರಿಗೆ, ಅಂದರೆ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಅಂಕಿ ದೊಡ್ಡದಿರುವವರಿಗೆ, ಟೋರಿಕ್ ಮಸೂರ ನಿಜವಾದ ಉಪಕಾರ ಮಾಡಬಲ್ಲದು. ಇಲ್ಲೆಲ್ಲ ಹೆಚ್ಚು ಕೊಟ್ಟ ಹಣಕ್ಕೆ ಅರ್ಥವಿದೆ.

ಪಟ್ಟಿಯ ತುದಿಯಲ್ಲಿರುವ ಬಹುಕೇಂದ್ರ ಮಸೂರದ ಮಾತು ಬೇರೆ. ಅದು ಒಳಬರುವ ಬೆಳಕನ್ನು ಹಂಚಿ, ಒಂದಷ್ಟನ್ನು ದೂರಕ್ಕೂ ಒಂದಷ್ಟನ್ನು ಹತ್ತಿರಕ್ಕೂ ಕೊಡುತ್ತದೆ. ಹಂಚಿದ ಮೇಲೆ ಪ್ರತಿಯೊಂದರ ಪಾಲು ಕಡಿಮೆಯಾಗಲೇಬೇಕು. ಓದುವ ಕನ್ನಡಕದಿಂದ ಬಿಡುಗಡೆ ಸಿಗುವ ಸಾಧ್ಯತೆ ಹೆಚ್ಚು, ನಿಜ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ರಾತ್ರಿ ದೀಪಗಳ ಸುತ್ತ ಬಳೆಯಂತಹ ಪ್ರಭೆ, ಮಂದ ಬೆಳಕಿನಲ್ಲಿ ಕಪ್ಪು-ಬಿಳುಪಿನ ಅಂತರ ಕೊಂಚ ಮಾಸುವುದು. ಆರೋಗ್ಯವಂತ ಅಕ್ಷಿಪಟಲವಿರುವ, ರಾತ್ರಿ ವಾಹನ ಓಡಿಸದ, ಕನ್ನಡಕವೆಂದರೆ ಸಿಡಿಮಿಡಿಗೊಳ್ಳುವ ವ್ಯಕ್ತಿಗೆ ಇದು ಒಪ್ಪಂದವಾಗಬಹುದು. ಎಲ್ಲರಿಗೂ ಅಲ್ಲ.

ನನ್ನ ಅಣ್ಣನಿಗೆ ಆಗಲಿಲ್ಲ. ಇಪ್ಪತ್ತು ವರ್ಷಗಳಿಂದ ಮಧುಮೇಹವಿರುವ ನಿವೃತ್ತ ಮುಖ್ಯೋಪಾಧ್ಯಾಯ. ‘ಅಪ್ಪನಿಗೆ ಇರುವುದರಲ್ಲೇ ಬೆಸ್ಟ್ ಹಾಕಿಸಿ’ ಎಂದು ಮಗ ದೂರದೇಶದಿಂದ ಹಣ ಕಳುಹಿಸಿದ. ಆಸ್ಪತ್ರೆಯವರು ಪಟ್ಟಿಯ ತುದಿಯದನ್ನೇ ಹಾಕಿದರು. ಎರಡೂ ಕಣ್ಣಿಗೆ ಸೇರಿ ಲಕ್ಷಕ್ಕೂ ಮೀರಿದ ವೆಚ್ಚ. ಮೂರು ತಿಂಗಳಾದರೂ ಪತ್ರಿಕೆಯ ಅಕ್ಷರ ಮಸುಕು, ಸಂಜೆ ಬೀದಿದೀಪಗಳೆಲ್ಲ ಚಕ್ರ. ಬೇರೊಬ್ಬ ವೈದ್ಯರು ನೋಡಿ, ಅಕ್ಷಿಪಟಲದ ನಡುಭಾಗವೇ ಮಧುಮೇಹದಿಂದ ಊದಿಕೊಂಡಿದೆ, ಇಂಥ ಕಣ್ಣಿಗೆ ಬೆಳಕನ್ನು ಹಂಚುವ ಮಸೂರ ಇಡಬಾರದಿತ್ತು ಎಂದರು. ಈಗ ತೆಗೆದು ಬದಲಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಅಪಾಯದ ಕೆಲಸ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅಣ್ಣ ಹಾಗೆಯೇ ಇದ್ದಾನೆ. ಮಗನಿಗೆ ಮಾತ್ರ ‘ಚೆನ್ನಾಗಿ ಕಾಣುತ್ತದಪ್ಪಾ’ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾನೆ. ಇಲ್ಲಿ ಮಸೂರ ಕೆಟ್ಟದ್ದಲ್ಲ, ಮಗನ ಪ್ರೀತಿಯೂ ಸುಳ್ಳಲ್ಲ. ಆ ಎರಡರ ನಡುವೆ ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವರು ಕೇಳಲಿಲ್ಲ, ಅಷ್ಟೇ.

ಅಣ್ಣನ ಅನುಭವ ಕಣ್ಣ ಮುಂದಿದ್ದುದರಿಂದಲೇ ನಾನು ಅಂದು ದಿನಾಂಕ ಪಡೆಯದೆ ಎದ್ದುಬಂದೆ. ಒಂದು ವಾರ ಬಿಟ್ಟು, ಹನಿ ಹಾಕಿಸಿಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕೆಂದು ಕೇಳಿಕೊಂಡೆ. ಹೈಸ್ಕೂಲಿನಿಂದಲೂ ನನ್ನದು ಮೈನಸ್ 3ರ ಸಮೀಪದೃಷ್ಟಿ. ದೂರಕ್ಕೆ ಕನ್ನಡಕ ಬೇಕು. ಓದಲು ಎಂದೂ ಬೇಕಾಗಿಲ್ಲ. ಕನ್ನಡ ಅಧ್ಯಾಪಕಿಯಾಗಿ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ್ದು, ಈಗಲೂ ಕರಡು ತಿದ್ದುವುದು, ರಾತ್ರಿ ಮಲಗಿಕೊಂಡು ಓದುವುದು ಎಲ್ಲವೂ ಬರಿಗಣ್ಣಿನಲ್ಲಿ. ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಎಷ್ಟು ಚಿಕ್ಕದಾಗಿ ಕೂರುತ್ತವೆ ಎಂಬುದು ಕನ್ನಡ ಓದುವವರಿಗೆ ಗೊತ್ತು. ಕಾಗದದ ಬಿಳುಪೂ ಶಾಯಿಯ ಕಪ್ಪೂ ಕೊಂಚ ಮಾಸಿದರೂ ಮೊದಲು ಮರೆಯಾಗುವುದು ಅವೇ. ಇದನ್ನೆಲ್ಲ ಹೇಳಿ, ದೂರದ ಬದಲು ಓದುವ ದೂರಕ್ಕೇ ಮಸೂರ ಇಡಲು ಬರುವುದೇ ಎಂದು ಕೇಳಿದೆ.

ವೈದ್ಯರು ಹತ್ತು ನಿಮಿಷ ಕುಳಿತು ಮಾತನಾಡಿದರು. ‘ಧಾರಾಳವಾಗಿ ಬರುತ್ತದೆ. ನೀವು ಹೇಳದಿದ್ದರೆ ಎಲ್ಲರಿಗೂ ಇಡುವಂತೆ ದೂರಕ್ಕೇ ಇಟ್ಟುಬಿಡುತ್ತಿದ್ದೆ’ ಎಂದರು. ಮೈನಸ್ 2.5ರ ಆಸುಪಾಸು ಉಳಿಯುವಂತೆ ಲೆಕ್ಕ ಹಾಕಿದರೆ 40 ಸೆಂಟಿಮೀಟರ್ ದೂರದ ಅಕ್ಷರ ಬರಿಗಣ್ಣಿಗೆ ಸ್ಪಷ್ಟ. ದೂರಕ್ಕೆ ಐವತ್ತು ವರ್ಷಗಳಿಂದ ಹಾಕುತ್ತಿರುವ ಕನ್ನಡಕ ಇದ್ದೇ ಇದೆ. ಇದಕ್ಕೆ ಬೇಕಾದದ್ದು ಪಟ್ಟಿಯ ಮೊದಲ ಸಾಲಿನ ಮಸೂರ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಕ್ರಮವೂ ಸಾಮಾನ್ಯ ಮಸೂರದಿಂದಲೇ ಸಾಧ್ಯ. ಹೊಳಪು ಕಾಗದದ ಆ ಮೂರು ಪಟ್ಟೆಗಳಲ್ಲಿ ಈ ಎರಡು ಆಯ್ಕೆಗಳೂ ಇರಲಿಲ್ಲ. ಹೆಚ್ಚು ಹಣ ತರದ ಆಯ್ಕೆಗೆ ದರಪಟ್ಟಿಯಲ್ಲಿ ಜಾಗವೆಲ್ಲಿ?

ಮಸೂರದ ಬ್ರ್ಯಾಂಡ್‌ಗಿಂತ ಮುಖ್ಯವಾದದ್ದು ಅದರ ಪವರಿನ ಲೆಕ್ಕ. ಕಣ್ಣುಗುಡ್ಡೆಯ ಉದ್ದವನ್ನು ಅಳೆಯುವಾಗ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಫಲಿತಾಂಶ ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಅತಿ ದುಬಾರಿ ಮಸೂರವೂ ಆ ತಪ್ಪನ್ನು ಮನ್ನಿಸುವುದಿಲ್ಲ. ‘ಲೇಸರ್ ಪೊರೆ ಶಸ್ತ್ರಚಿಕಿತ್ಸೆ’ ಎಂಬ ಇನ್ನೊಂದು ದುಬಾರಿ ಸೇರ್ಪಡೆಯ ಬಗ್ಗೆಯೂ ಇಲ್ಲೇ ಹೇಳಬೇಕು. ಬ್ರಿಟನ್ ಮತ್ತು ಫ್ರಾನ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು, ದೃಷ್ಟಿಯ ಫಲಿತಾಂಶದಲ್ಲಿ ಅದು ಮಾಮೂಲಿ ಫೇಕೋ ವಿಧಾನಕ್ಕಿಂತ ಮೇಲಲ್ಲ ಎಂದೇ ಹೇಳಿವೆ.

ಸಿರಿವಂತ ದೇಶಗಳು ಈ ವಿಷಯದಲ್ಲಿ ಹೇಗೆ ನಡೆದುಕೊಂಡಿವೆ ಎಂಬುದನ್ನೂ ನೋಡಬಹುದು. ಬ್ರಿಟನ್ನಿನ ನೈಸ್ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲಿ, ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಬಹುಕೇಂದ್ರ ಮಸೂರ ನೀಡಬಾರದು ಎಂದು ಸ್ಪಷ್ಟವಾಗಿ ಹೇಳಿತು. ಅಮೆರಿಕದ ಮೆಡಿಕೇರ್ 2005ರಲ್ಲಿ ಬೇರೆ ದಾರಿ ಹಿಡಿಯಿತು: ಶಸ್ತ್ರಚಿಕಿತ್ಸೆಗೂ ಸಾಮಾನ್ಯ ಮಸೂರಕ್ಕೂ ವಿಮೆ ಕೊಡುತ್ತದೆ, ಓದುವ ಕನ್ನಡಕ ತಪ್ಪಿಸುವ ಮಸೂರ ಬೇಕಾದರೆ ಹೆಚ್ಚುವರಿ ವೆಚ್ಚ ರೋಗಿಯದು. ದಾರಿ ಬೇರೆಯಾದರೂ ಇಬ್ಬರೂ ಒಪ್ಪಿರುವ ಅಂಶ ಒಂದೇ. ಪೊರೆ ತೆಗೆದು ಸಾಮಾನ್ಯ ಮಸೂರ ಇಡುವುದು ಚಿಕಿತ್ಸೆ. ಅದಕ್ಕಿಂತ ಮೇಲಿನದು ಅನುಕೂಲ. ಅನುಕೂಲವನ್ನು ಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ಅದನ್ನು ಚಿಕಿತ್ಸೆಯ ಹೆಸರಿನಲ್ಲಿ ಮಾರಬಾರದು.

ವೈದ್ಯರ ಪಕ್ಷವನ್ನೂ ಅಲಕ್ಷಿಸುವಂತಿಲ್ಲ. ಯಂತ್ರಗಳ ಬೆಲೆ, ಕಟ್ಟಡದ ಬಾಡಿಗೆ, ಸಿಬ್ಬಂದಿಯ ಸಂಬಳ ಎಲ್ಲವೂ ಏರಿವೆ. ಒಬ್ಬ ರೋಗಿಯೊಂದಿಗೆ ಹತ್ತು ನಿಮಿಷ ಮಾತನಾಡಿದರೆ ಹೊರಗೆ ಕಾದಿರುವ ನಲವತ್ತು ಮಂದಿ ಗೊಣಗುತ್ತಾರೆ. ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಉಚಿತವಾಗಿ ಚಿಕಿತ್ಸೆ ಮಾಡುವ ಆಸ್ಪತ್ರೆಗಳೂ ಇವೆ; ಮದುರೆಯ ಅರವಿಂದ್ ನಿಂತಿರುವುದೇ ಆ ತತ್ತ್ವದ ಮೇಲೆ. ಅದನ್ನು ಬಹಿರಂಗವಾಗಿ ಹೇಳಿ ಪಡೆದರೆ ಕೊಡಲು ಯಾರಿಗೂ ಬೇಸರವಿರದು. ಕೊಠಡಿಯಲ್ಲಿದ್ದ ಆ ಯುವತಿಯನ್ನೂ ನಾನು ದೂರಲಾರೆ. ಆಕೆಗೆ ಕಲಿಸಿದ್ದನ್ನು ಆಕೆ ಹೇಳಿದರು. ಪ್ರಶ್ನೆ ಇರುವುದು ಕಲಿಸಿದವರ ಮುಂದೆ.

ಕಾನೂನಿನ ನಿಲುವು ಸ್ಪಷ್ಟವಿದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಮುಖ್ಯ ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದಿತು. ಹಿಗ್ಗಿದ ಪಾಪೆಯ ಎದುರು ಇಂಗ್ಲಿಷ್ ನಮೂನೆಯನ್ನಿಟ್ಟು ಪಡೆದ ಸಹಿ ಆ ಅಳತೆಗೆ ನಿಲ್ಲುತ್ತದೆಯೇ? ಬೆಲೆಯ ವಿಷಯದಲ್ಲಿ, 2017ರ ಫೆಬ್ರುವರಿಯಲ್ಲಿ ಹೃದಯದ ಸ್ಟೆಂಟ್‌ಗೆ, ಆಗಸ್ಟ್‌ನಲ್ಲಿ ಮಂಡಿಯ ಕೃತಕ ಕೀಲಿಗೆ ಕೇಂದ್ರ ಸರ್ಕಾರ ಗರಿಷ್ಠ ಮಿತಿ ಹಾಕಿತು; ಕಣ್ಣಿನ ಮಸೂರಕ್ಕೆ ಆಗ ಅಂಥ ಮಿತಿ ಬರಲಿಲ್ಲ. ವೈದ್ಯಕೀಯ ಸಾಧನಗಳ ಬೆಲೆಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ನಿಯಮವೇನೋ ಇದೆ. ಆದರೆ ಮೊದಲ ಬೆಲೆ ಎಷ್ಟಿರಬೇಕೆಂದು ಆ ನಿಯಮ ಹೇಳುವುದಿಲ್ಲ.

ಬೆಲೆಗೆ ಮಿತಿ ಬೇಕೋ ಬೇಡವೋ ಎಂಬ ಚರ್ಚೆ ನಡೆಯಲಿ. ಅದಕ್ಕೆ ಕಾಯದೆ ಆರೋಗ್ಯ ಇಲಾಖೆ ಇಂದೇ ಮಾಡಿಸಬಹುದಾದ ಕೆಲಸಗಳಿವೆ. ಮಸೂರದ ಹೆಸರು, ವಸ್ತು, ಮುದ್ರಿತ ಬೆಲೆ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕವನ್ನು ಬೇರೆಬೇರೆಯಾಗಿ ತೋರಿಸುವ ಹಾಳೆಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಮನೆಗೆ ಕೊಟ್ಟು ಕಳುಹಿಸುವುದು. ಹನಿ ಹಾಕಿದ ದಿನವೇ ಮಸೂರದ ಆಯ್ಕೆಗೆ ಸಹಿ ಪಡೆಯದಿರುವುದು. ಅಕ್ಷಿಪಟಲದ ಸ್ಥಿತಿಯನ್ನು ಬರೆದುಕೊಟ್ಟ ಬಳಿಕವೇ ಬಹುಕೇಂದ್ರ ಮಸೂರದ ಮಾತೆತ್ತುವುದು. ಮಸೂರದ ಪೆಟ್ಟಿಗೆಯಲ್ಲಿ ಬರುವ ಕ್ರಮಸಂಖ್ಯೆಯ ಚೀಟಿಯನ್ನು ತಪ್ಪದೆ ರೋಗಿಯ ಕೈಗೆ ಕೊಡುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಪೊರೆ ತುರ್ತು ಕಾಯಿಲೆಯಾಗುವುದು ಅಪರೂಪ. ಒಂದು ವಾರ ಯೋಚಿಸಲು ಬಿಟ್ಟರೆ ಬಹುಪಾಲು ರೋಗಿಗಳ ಕಣ್ಣಿಗೆ ನಷ್ಟವಿಲ್ಲ.

ನನ್ನ ಓರಗೆಯವರಿಗೆ ಮತ್ತು ಅವರ ಮಕ್ಕಳಿಗೆ ಒಂದು ಮಾತು. ‘ಯಾವುದು ಬೆಸ್ಟ್’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಸದಾ ಪಟ್ಟಿಯ ತುದಿಯಲ್ಲಿರುತ್ತದೆ. ರಾತ್ರಿ ಗಾಡಿ ಓಡಿಸುತ್ತೀರೋ, ಹೊಲಿಯುತ್ತೀರೋ, ಓದುತ್ತೀರೋ, ಕಂಪ್ಯೂಟರ್ ಮುಂದೆ ಕೂರುತ್ತೀರೋ, ಸಕ್ಕರೆ ಕಾಯಿಲೆ ಇದೆಯೋ, ಕನ್ನಡಕ ನಿಮಗೆ ನಿಜಕ್ಕೂ ಹೊರೆಯೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಮುಂದಿಡಿ. ಇದರಲ್ಲಿ ಯಾವ ಕೆಲಸಕ್ಕೆ ಯಾವ ಮಸೂರ, ಅದರಿಂದ ನಾನು ಕಳೆದುಕೊಳ್ಳುವುದೇನು ಎಂದು ಕೇಳಿ. ಹೆಚ್ಚಿನ ವೈದ್ಯರು ಸಂತೋಷದಿಂದಲೇ ಉತ್ತರಿಸುತ್ತಾರೆ. ಉತ್ತರಿಸಲು ಬೇಸರಪಡುವವರ ಬಳಿ ಕಣ್ಣು ಕೊಟ್ಟು ಕೂರುವ ಅಗತ್ಯವಿಲ್ಲ.

ನನ್ನ ಎರಡೂ ಕಣ್ಣುಗಳ ಶಸ್ತ್ರಚಿಕಿತ್ಸೆ ಮುಗಿದು ಆರು ತಿಂಗಳಾಯಿತು. ಬಸ್ಸಿನ ನಂಬರು ನೋಡಲು ಕನ್ನಡಕ ಹುಡುಕುತ್ತೇನೆ, ಮೊದಲಿನ ಹಾಗೆಯೇ. ಈ ಲೇಖನದ ಕರಡನ್ನು ಮಾತ್ರ ಬರಿಗಣ್ಣಿನಲ್ಲೇ ತಿದ್ದಿದ್ದೇನೆ.